ಗಾಳಿಗೆ ಬಿದ್ದ ದೊಡ್ಡ ಅಪ್ಪೆಮಿಡಿ ಮರ: ಸೌದೆ ಮಾಡೋಕೆ ಎಲ್ಲಿಂದ ಶುರು ಮಾಡಬೇಕು?

ಹಳ್ಳದಾಚೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ. ಪುನರ್ವಸು ಮಳೆಯ ಗಾಳಿಗೆ ಹಳ್ಳದ ಅಂಚಿನಲ್ಲಿದ್ದ ದೊಡ್ಡ ಮಾವಿನ ಮರ ಬುಡಸಮೇತ ಬಿದ್ದಿದೆ. ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮರ, ಅಜ್ಜನ ಕಾಲದ್ದು. ಬುಡವನ್ನು ಇಬ್ಬರು ಕೈ ಹಿಡಿದು ತಬ್ಬಿದರೂ ಸ್ವಲ್ಪ ಸಾಲುವುದಿಲ್ಲ, ಅಷ್ಟು ದಪ್ಪ. ಒಂದು ಕಡೆಯ ಬೇರು ಮಣ್ಣಿನ ಸಮೇತ ಗೋಡೆ ಥರ ಎದ್ದು ನಿಂತಿದೆ, ಇನ್ನೊಂದು ಕಡೆ ಬೇರು ಇನ್ನೂ ನೆಲದಲ್ಲೇ ಇದೆ. ಒಂದು ದೊಡ್ಡ ಕೊಂಬೆ ಅಡಿಕೆ ತೋಟದ ಮೇಲೆ ಒರಗಿದೆ, ಕೆಳಗೆ ಸಿಕ್ಕ ಅಡಿಕೆ ಮರಗಳು ಕೆಲವು ಮುರಿದಿವೆ, ಕೆಲವು ಬಿಲ್ಲಿನ ಹಾಗೆ ಬಾಗಿ ನಿಂತಿವೆ. ತುದಿ ಕೊಂಬೆಗಳು ಪಂಪ್‌ಸೆಟ್ಟಿಗೆ ಹೋಗೋ ಕರೆಂಟ್ ಲೈನಿನ ಮೇಲೆ ಬಿದ್ದಿವೆ.

ಅಪ್ಪನಿಗೆ ಈಗ ಕೊಡಲಿ ಹಿಡಿಯೋ ವಯಸ್ಸಲ್ಲ, ಆದರೂ "ನಾನೇ ಕಡೀತೀನಿ" ಅಂತ ಹೊರಡುತ್ತಾರೆ. ನಾನು ಬೆಂಗಳೂರಲ್ಲಿ ಕೆಲಸ, ಈಗ ರಜೆ ಹಾಕಿ ಬಂದಿದ್ದೇನೆ. ತಮ್ಮನ ಹತ್ತಿರ ಸಣ್ಣ ಚೈನ್ ಸಾ ಇದೆ, ಅಡಿಕೆ ಮರ ಕುಯ್ಯೋಕೆ ತಂದಿದ್ದು. ಬಚ್ಚಲೊಲೆಗೂ ಅಡಿಕೆ ಬೇಯಿಸೋಕೂ ಸೌದೆ ಬೇಕೇ ಬೇಕು, ಹಾಗಾಗಿ ಈ ಮರ ಸುಮ್ನೆ ಕೊಳೆಯೋಕೆ ಬಿಡೋ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಬೇಕು? ಅರಣ್ಯ ಇಲಾಖೆಯ ಅನುಮತಿ ಬೇಕಾ? ಈ ಮಳೆಯಲ್ಲಿ ಕುಯ್ದ ಸೌದೆ ಒಣಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಿಷನ್ ಕೆಲಸ

ಅಕ್ಕಾ, ನಾನು ಹೊಸನಗರದ ಕಡೆಯವನು. ಮರ ಕುಯ್ಯೋ ಮಿಷನ್ ಕೆಲಸವೇ ನನ್ನ ಜೀವನ. ಮೊದಲು ಒಂದೇ ಮಾತು: ಲೈನ್ ಮೇಲೆ ಬಿದ್ದಿದೆ ಅಂದ ಮೇಲೆ ಯಾರೂ ಮರದ ಹತ್ತಿರ ಹೋಗಬೇಡಿ. ಕರೆಂಟ್ ಇಲ್ಲ ಅಂತ ನಿಮಗೆ ಅನಿಸಿದರೂ ಹೋಗಬೇಡಿ. ಆ ಕಡೆಯಿಂದ ಯಾವಾಗ ಚಾರ್ಜ್ ಮಾಡ್ತಾರೋ ಗೊತ್ತಾಗುವುದಿಲ್ಲ, ಪಕ್ಕದ ಮನೆಯ ಜನರೇಟರಿನಿಂದ ಹಿಂದಕ್ಕೆ ಕರೆಂಟ್ ಬಂದು ಸತ್ತವರಿದ್ದಾರೆ. ಹಸಿ ಮರ, ಒದ್ದೆ ನೆಲ, ಎರಡರಲ್ಲೂ ಕರೆಂಟ್ ಹರಿಯುತ್ತೆ. ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ನಿಮ್ಮ ಭಾಗದ ಲೈನ್‌ಮನ್ ಪರಿಚಯ ಇದ್ದರೆ ಅವರಿಗೂ ನೇರ ಹೇಳಿ. ಅವರು ಬಂದು ಲೈನ್ ಬಿಚ್ಚಿ "ಇನ್ನು ಮಾಡಿ" ಅಂತ ಬಾಯಿಬಿಟ್ಟು ಹೇಳಿದ ಮೇಲೇ ಕತ್ತಿ ಮುಟ್ಟಬೇಕು.

ಇನ್ನೊಂದು, ಎದ್ದು ನಿಂತಿರೋ ಆ ಬೇರಿನ ಗೋಡೆ. ಅದರ ಹಿಂದಿನ ಗುಂಡಿಗೆ ಮಕ್ಕಳು, ದನ, ನಾಯಿ ಯಾರೂ ಇಳಿಯದ ಹಾಗೆ ಇವತ್ತೇ ಬೇಲಿ ಹಾಕಿ. ಯಾಕೆ ಅಂತ ಆಮೇಲೆ ಬಿಡಿಸಿ ಹೇಳ್ತೀನಿ, ಈಗ ಕೆಲಸಕ್ಕೆ ಹೊರಟಿದ್ದೇನೆ.

ಕಸಿ ಕಡ್ಡಿ

ತಂಗೀ, ಸೌದೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಕೆಲವೇ ದಿನ ಸಮಯ. ಅಪ್ಪೆಮಿಡಿ ಒಂದೊಂದು ಮರವೂ ಒಂದೊಂದು ತಳಿ. ವಾಟೆ (ಮಾವಿನ ಗೊರಟೆ) ಹಾಕಿ ಬೆಳೆಸಿದರೆ ಅದೇ ರುಚಿ, ಅದೇ ಪರಿಮಳ ಬರುತ್ತೆ ಅನ್ನೋ ಭರವಸೆ ಇಲ್ಲ. ಕಸಿ ಮಾಡಿದರೆ ಮಾತ್ರ ಆ ಮರ ಉಳಿಯುತ್ತೆ. ನಿಮ್ಮದು ಜೀರಿಗೆ ಪರಿಮಳದ್ದಾ? ಲೈನ್ ಬಿಚ್ಚಿದ ಮೇಲೆ ಎಲೆಯೊಂದನ್ನು ಮುರಿದು ಕೈಯಲ್ಲಿ ಉಜ್ಜಿ ಮೂಸಿ ನೋಡಿ, ಜೀರಿಗೆ ಮಿಡಿಯಾದರೆ ಎಲೆಯಲ್ಲೂ ಗೊತ್ತಾಗುತ್ತೆ. ಶರಾವತಿ, ಅಘನಾಶಿನಿ, ಕುಮದ್ವತಿ ಹೊಳೆ ಸಾಲಿನಲ್ಲಿ, ಹಳ್ಳದ ದಂಡೆಗಳಲ್ಲಿ ಇಂಥ ಮರಗಳು ಎಷ್ಟಿದ್ದವು ಮಾರಾಯ್ರೆ, ಗಾಳಿಗೆ ಹೋದದ್ದು, ಮಿಡಿ ಕೊಯ್ಯೋ ಆಸೆಗೆ ಕೊಂಬೆಯನ್ನೇ ಕಡಿದು ಹಾಳಾದದ್ದು, ನೀರಲ್ಲಿ ಮುಳುಗಿದ್ದು ಎಲ್ಲ ಸೇರಿ ಈಗ ಉಳಿದದ್ದು ಕಮ್ಮಿ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ ನಿಜ, ಆದರೆ ನಿಮ್ಮ ಹಳ್ಳದಂಚಿನ ಈ ಮರವನ್ನು ಉಳಿಸೋದು ನೀವೇ.

ಬೇರು ಒಂದು ಕಡೆ ಮಣ್ಣಲ್ಲಿ ಇರುವುದರಿಂದ ಮರಕ್ಕೆ ಇನ್ನೂ ಜೀವ ಇದೆ. ಲೈನ್ ತೆಗೆದ ತಕ್ಷಣ ಕಸಿ ಕಟ್ಟೋಕೆ ಕಡ್ಡಿ ತೆಗೆಯಿರಿ. ಪೆನ್ಸಿಲ್ ದಪ್ಪದ, ಒಂದು ಗೇಣಿಗಿಂತ ಸ್ವಲ್ಪ ಸಣ್ಣ ತುದಿಗಳು. ತೀರಾ ಎಳೆ ಕೆಂಪು ಚಿಗುರು ಬೇಡ, ಬಲಿತ ಹಸಿರು ಕಡ್ಡಿ ಬೇಕು, ತುದಿಯ ಮೊಗ್ಗು ಸ್ವಲ್ಪ ಉಬ್ಬಿದ್ದರೆ ತುಂಬಾ ಒಳ್ಳೆಯದು. ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಿ. ಒದ್ದೆ ಬಟ್ಟೆಯಲ್ಲೋ ಪಾಚಿಯಲ್ಲೋ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೆರಳಲ್ಲಿಡಿ, ನೀರಲ್ಲಿ ಮುಳುಗಿಸಿ ಇಡಬೇಡಿ. ಮಳೆಗಾಲದ ತಂಪು ಕಸಿಗೆ ಸರಿಯಾದ ಹೊತ್ತು. ಯಾವುದೇ ಕಾಡುಮಾವಿನ ವಾಟೆಯಿಂದ ಎದ್ದ ಸಸಿಗೆ ಕಟ್ಟಬಹುದು. ನಿಮ್ಮೂರಲ್ಲಿ ಕಸಿ ಕಟ್ಟೋರು ಇಲ್ಲದಿದ್ದರೆ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ವಾ, ಅಲ್ಲಿ ಹೋಗಿ ವಿಚಾರಿಸಿ. ಹತ್ತು ಕಡ್ಡಿ ಕಟ್ಟಿದರೆ ಹತ್ತೂ ಹಿಡಿಯುವುದಿಲ್ಲ, ಹಾಗಾಗಿ ಧಾರಾಳವಾಗಿ ತೆಗೆಯಿರಿ, ನೆರೆಮನೆಯವರಿಗೂ ಕೊಡಿ. ಒಂದೇ ಮನೆಯಲ್ಲಿ ಇರೋ ತಳಿ ಇನ್ನೊಂದು ಗಾಳಿಗೆ ಹೋಗಬಹುದು, ನಾಲ್ಕು ಮನೆಯಲ್ಲಿದ್ದರೆ ಉಳಿಯುತ್ತೆ.

ತೋಟದ ಲೆಕ್ಕ

ಅನುಮತಿ ವಿಚಾರ ಕೇಳಿದ್ದೀರಿ. ಮೊದಲು ನೋಡಬೇಕಾದ್ದು ಮರ ಬಿದ್ದಿರೋ ಜಾಗ ಯಾವುದು ಅಂತ ಅಲ್ಲ, ಅದರ ಬುಡ ಯಾರ ಜಾಗದಲ್ಲಿದೆ ಅಂತ. ನಿಮ್ಮ ಪಹಣಿಯಲ್ಲಿರೋ ಮಾಲ್ಕಿ (ಸ್ವಂತ) ಜಮೀನಾ, ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟನಾ, ಸಾಗುವಳಿಗೆ ಸೇರದ ಹಳ್ಳದ ಖರಾಬಾ? ಬೆಟ್ಟದಲ್ಲಿ ನಮಗೆ ಇರೋದು ಸೊಪ್ಪು, ದರಗು (ಉದುರಿದ ಒಣ ಎಲೆ), ಒಣ ಸೌದೆಯಂಥ ಸವಲತ್ತು ಮಾತ್ರ, ಮರ ಸರ್ಕಾರದ್ದು. ಹಳ್ಳದ ಅಂಚು ಅಂದಿದ್ದೀರಿ, ಹಾಗಾಗಿ ನಕಾಶೆ ನೋಡಿಬಿಡಿ.

ಮಾಲ್ಕಿಯಾದರೆ ಅಷ್ಟು ತಲೆಬಿಸಿ ಇಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯೋಕೆ ಅನುಮತಿ ಬೇಕು ಅಂತಿದೆ, ಆದರೆ ಒಣಗಿದ, ರೋಗ ಬಂದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸೋ ಹಾಗಿಲ್ಲ ಅಂತಲೂ ಅದರಲ್ಲೇ ಇದೆ. ತೆಂಗು, ಅಡಿಕೆ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಥರದ ಕೆಲವು ಮರಗಳಿಗೆ ಅನುಮತಿಯೇ ಬೇಡ, ಮಾವು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಒಂದು ಬಿಳಿ ಹಾಳೆಯಲ್ಲಿ ಸರ್ವೆ ನಂಬರ್, ಮರದ ಜಾತಿ, ಬಿದ್ದ ದಿನ ಬರೆದು, ಫೋಟೋ ಸೇರಿಸಿ ವಲಯ ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಮನೆ ಬಳಕೆಗೆ ಸೌದೆ ಅಂತಲೇ ಬರೆಯಿರಿ. ದಿಮ್ಮಿಯನ್ನು ಸಾಮಿಲ್ಲಿಗೆ ಲಾರಿಯಲ್ಲಿ ಕಳಿಸೋ ಯೋಚನೆ ಇದ್ದರೆ ಸಾಗಣೆಯ ಪಾಸು ವಿಚಾರಿಸದೆ ಗಾಡಿ ಹೊರಡಿಸಬೇಡಿ. ಇದನ್ನು ಓದುವ ಬೇರೆಯವರಿಗೂ ಹೇಳ್ತೀನಿ, ಬಿದ್ದದ್ದು ಗಂಧ, ಬೀಟೆ, ತೇಗ ಆಗಿದ್ದರೆ ಒಂದು ರೆಂಬೆಯನ್ನೂ ಮುಟ್ಟದೆ ಮೊದಲು ಇಲಾಖೆಗೆ ತಿಳಿಸಿ.

ಅಡಿಕೆ ಮರ ಮುರಿದಿದೆ ಅಂದಿರಿ. ಕುಯ್ಯೋಕೆ ಮೊದಲೇ ಎಲ್ಲ ಕಡೆಯಿಂದ ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಮರ ಕುಯ್ದು ಜಾಗ ಚೊಕ್ಕ ಮಾಡಿದ ಮೇಲೆ "ಇಲ್ಲಿ ನಷ್ಟ ಆಗಿತ್ತು" ಅಂದರೆ ತೋರಿಸೋಕೆ ಏನೂ ಇರುವುದಿಲ್ಲ.

ಹಳ್ಳದಾಚೆ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಡ ನಮ್ಮ ಮಾಲ್ಕಿಯಲ್ಲೇ ಇದೆ, ಅಪ್ಪ ನಕಾಶೆ ತೆಗೆದು ತೋರಿಸಿದರು. ಲೈನ್‌ಮನ್ ಬಂದು ಲೈನ್ ಬಿಚ್ಚಿ ಹೋದರು, ತಂತಿಯನ್ನು ಸುರುಳಿ ಸುತ್ತಿ ಕಂಬದ ಬುಡದಲ್ಲಿ ಇಟ್ಟಿದ್ದಾರೆ. ಕಸಿ ಕಡ್ಡಿ ವಿಷಯ ಓದಿ ಅಮ್ಮನಿಗೆ ಕಣ್ಣಲ್ಲಿ ನೀರು ಬಂತು. ಎಲೆ ಉಜ್ಜಿದರೆ ಜೀರಿಗೆಯದೇ ಪರಿಮಳ. ನಾಳೆಯೇ ಕಡ್ಡಿ ತೆಗೆಯುತ್ತೇವೆ. ಇನ್ನು ಕುಯ್ಯೋದು ಹೇಗೆ ಅಂತ ಹೇಳಿ ಅಣ್ಣ. ಪಕ್ಕದ ಮನೆಯವರು ಜೆಸಿಬಿ ತರಿಸಿ ಎಲ್ಲ ಎಳೆದು ಹಾಕಿಬಿಡಿ, ಅರ್ಧ ದಿನದ ಕೆಲಸ ಅನ್ನುತ್ತಿದ್ದಾರೆ.

ಮಿಷನ್ ಕೆಲಸ

ಜೆಸಿಬಿ ಬೇಕಾಗಬಹುದು, ಆದರೆ ಎಳೆಯೋಕಲ್ಲ. ಹಳ್ಳದ ದಂಡೆಯಲ್ಲಿ ಮರ ಎಳೆದರೆ ಮಣ್ಣೂ ಜೊತೆಗೆ ಬರುತ್ತೆ, ಆಮೇಲೆ ಆಶ್ಲೇಷ ಮಳೆಗೆ ದಂಡೆ ಕುಸಿದು ತೋಟದೊಳಗೆ ಹಳ್ಳ ನುಗ್ಗುತ್ತೆ. ಬಾಗಿ ನಿಂತ ಅಡಿಕೆ ಮರಗಳೂ ಎಳೆತಕ್ಕೆ ಹೋಗ್ತವೆ.

ಬಿದ್ದ ಮರ ಅಂದರೆ ಸತ್ತ ಮರ ಅಂತ ಜನ ತಿಳ್ಕೊಳ್ತಾರೆ. ನಿಂತ ಮರ ಕುಯ್ಯೋದಕ್ಕಿಂತ ಬಿದ್ದ ಮರ ಕುಯ್ಯೋದೇ ಅಪಾಯ ಜಾಸ್ತಿ. ಪ್ರತಿಯೊಂದು ಕೊಂಬೆಯೂ ಎಲ್ಲೋ ಒಂದು ಕಡೆ ಒತ್ತಿಕೊಂಡು ಅಥವಾ ಎಳೆದುಕೊಂಡು ಇರುತ್ತೆ. ಕುಯ್ದ ಕ್ಷಣ ಅದು ಸಿಡಿಯುತ್ತೆ. ಹಾಗಾಗಿ ಮಿಷನ್ ಸ್ಟಾರ್ಟ್ ಮಾಡೋಕೆ ಮೊದಲು ಮರದ ಸುತ್ತ ಒಂದು ಸುತ್ತು ನಿಧಾನ ನಡೆದು ನೋಡಬೇಕು. ಯಾವ ಕೊಂಬೆ ನೆಲಕ್ಕೆ ಊರಿ ಮರವನ್ನು ಹಿಡಿದಿದೆ? ಯಾವುದು ಗಾಳಿಯಲ್ಲಿ ತೂಗ್ತಿದೆ? ಕುಯ್ದರೆ ಕಾಂಡ ಯಾವ ಕಡೆ ಉರುಳುತ್ತೆ? ಊರಿ ಹಿಡಿದ ಕೊಂಬೆಯನ್ನು ಕೊನೆಗೆ ಕುಯ್ಯಬೇಕು. ಮೊದಲು ತುದಿಯ ಸೊಪ್ಪು, ರೆಂಬೆ. ಅದನ್ನು ಕತ್ತಿಯಲ್ಲೇ ಸವರಿ ಜಾಗ ಬಿಡಿಸಿಕೊಳ್ಳಿ, ಕಾಲಿಟ್ಟು ಹಿಂದೆ ಸರಿಯೋಕೆ ದಾರಿ ಇರಬೇಕು. ಇಳಿಜಾರು ಇದ್ದರೆ ಮೇಲಿನ ಕಡೆಯೇ ನಿಲ್ಲಬೇಕು, ಕೆಳಗೆ ಯಾರೂ ಇರಬಾರದು. ಮಾವಿನ ಸೊನೆ ಕೆಲವರಿಗೆ ಮೈಗೆ ಆಗುವುದಿಲ್ಲ, ಉದ್ದ ತೋಳಿನ ಅಂಗಿ ಹಾಕಿ.

ಕೊಯ್ತದ ಲೆಕ್ಕ ಹೀಗೆ. ಕೊಂಬೆಯ ಎರಡೂ ತುದಿ ಊರಿ ನಡುವೆ ಕೆಳಗೆ ಖಾಲಿ ಇದ್ದರೆ ಮೇಲಿನ ಬದಿ ಒತ್ತಿಕೊಂಡಿರುತ್ತೆ, ಕೆಳಗೆ ಎಳೆದುಕೊಂಡಿರುತ್ತೆ. ಮೇಲಿಂದ ಮೂರನೇ ಒಂದು ಭಾಗ ಕುಯ್ದು, ಉಳಿದದ್ದನ್ನು ಕೆಳಗಿಂದ ಮೇಲಕ್ಕೆ ಕುಯ್ಯಬೇಕು. ಒಂದೇ ತುದಿ ಊರಿ ಇನ್ನೊಂದು ತೂಗ್ತಿದ್ದರೆ ಇದು ತಿರುಗಮುರುಗ: ಮೊದಲು ಕೆಳಗಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿಂದ. ಇದು ತಪ್ಪಿದರೆ ಚೈನ್ ಸುತ್ತೋ ಕತ್ತಿಪಟ್ಟಿ ಕಚ್ಚಿಕೊಳ್ಳುತ್ತೆ, ಇಲ್ಲಾಂದ್ರೆ ಕೊಂಬೆ ಉದ್ದಕ್ಕೆ ಸೀಳಿ ಮುಖಕ್ಕೆ ಹೊಡೆಯುತ್ತೆ. ಒತ್ತೋ ಕಡೆಯ ಕೊಯ್ತದ ಸಂದಿಗೆ ಮರದ ಬೆಣೆ ಹೊಡೆದುಕೊಂಡು ಮುಂದುವರಿದರೆ ಕಚ್ಚುವುದಿಲ್ಲ. ಪಟ್ಟಿಯ ತುದಿಯಿಂದ ಕುಯ್ಯೋಕೆ ಹೋಗಬೇಡಿ, ತುದಿಯ ಮೇಲಿನ ಅರ್ಧ ಏನಕ್ಕಾದರೂ ತಾಗಿದರೆ ಮಿಷನ್ ಹಿಂದಕ್ಕೆ ಒದೆಯುತ್ತೆ. ಹೆಗಲಿಗಿಂತ ಮೇಲೆ ಎತ್ತಿ ಕುಯ್ಯೋದು ಬೇಡವೇ ಬೇಡ. ಹವಾಯಿ ಚಪ್ಪಲಿಯಲ್ಲಿ ಚೈನ್ ಸಾ ಹಿಡಿಯೋರನ್ನು ದಿನಾ ನೋಡ್ತೀನಿ, ಹೊಟ್ಟೆ ಉರಿಯುತ್ತೆ. ಬೂಟು, ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇಷ್ಟು ಇರಲೇಬೇಕು.

ಬಾಗಿ ನಿಂತ ಅಡಿಕೆ ಮರಗಳ ವಿಷಯ ಬೇರೆಯೇ ಹೇಳಬೇಕು. ಅವು ಕೊಂಬೆಯ ಭಾರಕ್ಕೆ ಬಗ್ಗಿವೆ, ಭಾರ ಇಳಿದ ತಕ್ಷಣ ಚಾಟಿ ಬೀಸಿದ ಹಾಗೆ ಮೇಲೇಳ್ತವೆ. ದೊಡ್ಡ ಕೊಂಬೆಯನ್ನು ಒಂದೇ ಏಟಿಗೆ ಬೀಳಿಸಬೇಡಿ, ತುದಿಯಿಂದ ಸ್ವಲ್ಪ ಸ್ವಲ್ಪವೇ ತೂಕ ಇಳಿಸ್ತಾ ಬನ್ನಿ, ಅಡಿಕೆ ಮರ ನಿಧಾನ ನೆಟ್ಟಗಾಗುತ್ತೆ. ಅಷ್ಟಾದ ಮೇಲೆ ಅದಕ್ಕೆ ಹಗ್ಗ ಕಟ್ಟಿ ಆಧಾರ ಕೊಟ್ಟರೆ ಕೆಲವಾದರೂ ಉಳೀತವೆ.

ಈಗ ಬೇರಿನ ಗೋಡೆ. ಕಾಂಡದ ತೂಕ ಅದನ್ನು ಹಿಡಿದು ನಿಲ್ಲಿಸಿದೆ. ಕಾಂಡ ಕುಯ್ದ ಕೂಡಲೇ ಬುಡ ಟಪ್ ಅಂತ ಗುಂಡಿಗೆ ವಾಪಸ್ ಕೂರಬಹುದು, ಟನ್‌ಗಟ್ಟಲೆ ಮಣ್ಣಿನ ಸಮೇತ. ಗುಂಡಿಯಲ್ಲಿ ಯಾರಾದರೂ ಇದ್ದರೆ ತೆಗೆಯೋಕೂ ಆಗುವುದಿಲ್ಲ. ಇನ್ನು ಕೆಲವು ಸಲ ಅದು ಮುಂದಕ್ಕೇ ಮಗುಚುತ್ತೆ. ಅದಕ್ಕೇ ಬುಡದಲ್ಲಿ ಆಳೆತ್ತರದಷ್ಟಾದರೂ ಕಾಂಡ ಉಳಿಸಿ ಕುಯ್ಯಬೇಕು, ಜೆಸಿಬಿ ಕರೆಸೋದಾದರೆ ಆ ಒಂದು ಕೊಯ್ತಕ್ಕೆ ಬುಡವನ್ನು ಬಕೆಟ್ಟಿನಲ್ಲಿ ಒತ್ತಿ ಹಿಡಿಯೋಕೆ ಕರೆಸಿ. ನಿಮ್ಮ ತಮ್ಮನ ಸಣ್ಣ ಮಿಷನ್ ರೆಂಬೆ ಕೊಂಬೆಗೆ ಸಾಕು. ಕಾಂಡಕ್ಕೆ ಬೇಡ. ಅದಕ್ಕೆ ಉದ್ದ ಪಟ್ಟಿಯ ಮಿಷನ್ ಇರೋ ಅನುಭವಸ್ಥರನ್ನೇ ಕರೆಯಿರಿ. ಖರ್ಚು ಆದರೂ ಪರವಾಗಿಲ್ಲ.

ಕಸಿ ಕಡ್ಡಿ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬುಡ ವಾಪಸ್ ಗುಂಡಿಗೆ ಕೂತರೆ ಅದನ್ನು ಕೀಳಿಸಬೇಡಿ. ಒಂದು ಕಡೆಯ ಬೇರು ಜೀವಂತ ಇದೆಯಲ್ಲ, ಮಾವಿನ ಬುಡ ಮತ್ತೆ ಚಿಗುರೋದುಂಟು. ಚಿಗುರದಿದ್ದರೂ ಬೇರು ದಂಡೆಯ ಮಣ್ಣು ಹಿಡಿದುಕೊಳ್ಳುತ್ತೆ. ಸುತ್ತ ಮಣ್ಣು ಎಳೆದು ತುಳಿದು ಗಟ್ಟಿ ಮಾಡಿ.

ಹಾಗೇ ಪೊಟರೆ ಇದೆಯಾ ನೋಡಿ. ಹಳೇ ಮಾವಿನಲ್ಲಿ ತುಡುವೆ ಜೇನು ಇರೋದು ಸಾಮಾನ್ಯ. ಮಿಷನ್ ಹಚ್ಚೋಕೆ ಮೊದಲು ಪೊಟರೆ ಬಾಯಿಗೆ ಕಿವಿ ಕೊಟ್ಟರೆ ಗುಂಯ್ ಅನ್ನೋದು ಕೇಳುತ್ತೆ. ಇದ್ದರೆ ಜೇನು ಸಾಕೋರನ್ನು ಕರೆದು ಪೆಟ್ಟಿಗೆಗೆ ಕೂಡಿಸಿ. ಮಳೆಗಾಲದಲ್ಲಿ ಹೂವಿಲ್ಲ, ಮನೆ ಒಡೆದು ಬಿಟ್ಟರೆ ಅವು ಬದುಕೋದು ಕಷ್ಟ. ಹಾವು ಸೇರಿಕೊಂಡಿರಬಹುದು, ಕೈ ಹಾಕಬೇಡಿ.

ಬಚ್ಚಲೊಲೆ

ಸೌದೆ ಒಣಗೋ ವಿಚಾರ ನಾನು ಹೇಳ್ತೀನಿ ತಂಗೀ, ವರ್ಷಾನುಗಟ್ಟಲೆ ಒಲೆ ಮುಂದೆ ಕೂತವಳು. ಈ ಮರದ ಸೌದೆಯನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯಬೇಡಿ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರುತ್ತೆ. ಅದನ್ನು ಒಲೆಗೆ ತುರುಕಿದರೆ ಬೆಂಕಿಯ ಕಾವೆಲ್ಲ ಆ ನೀರು ಆರಿಸೋಕೇ ಹೋಗುತ್ತೆ, ಹಂಡೆ ನೀರು ಕಾಯುವುದಿಲ್ಲ, ಹೊಗೆ ಕಣ್ಣಿಗೂ ಎದೆಗೂ ಕೇಡು. ತೆಳು ರೆಂಬೆಗಳು ಅಡಿಕೆ ಬೇಯಿಸೋ ಹೊತ್ತಿಗೆ ಆಗಬಹುದು. ದಪ್ಪದ್ದು ದೀಪಾವಳಿ ನಂತರದ ಬಿಸಿಲು ಕಂಡು, ಬೇಸಿಗೆ ಪೂರ್ತಿ ಒಣಗಿ, ಮುಂದಿನ ಮಳೆಗಾಲಕ್ಕೆ ಸರಿಯಾಗುತ್ತೆ.

ಆದರೆ ಒಡೆಯೋದು ಮಾತ್ರ ಈಗಲೇ ಆಗಬೇಕು. ಹಸಿ ಇದ್ದಾಗ ಕೊಡಲಿಗೆ ಬೇಗ ಸಿಗಿಯುತ್ತೆ, ಒಣಗಿದ ಮೇಲೆ ಕೊಡಲಿ ಪುಟಿಯುತ್ತೆ. ತೊಗಟೆ ಇರೋ ಇಡೀ ಕುಂಟೆ (ಒಡೆಯದ ದಪ್ಪ ತುಂಡು) ಒಳಗಿಂದ ಒಣಗೋದೇ ಇಲ್ಲ, ಮಾವಿಗಂತೂ ಬೇಗ ಹುಳ ಬೀಳುತ್ತೆ, ನೆಲದ ಮೇಲೆ ಬಿಟ್ಟರೆ ಮಳೆಗಾಲ ಮುಗಿಯೋದರೊಳಗೆ ಅಣಬೆ ಎದ್ದು ಲಡ್ಡಾಗುತ್ತೆ. ಒಲೆಯ ಉದ್ದ ಅಳೆದು, ಅದೇ ಅಳತೆಗೆ ತುಂಡು ಮಾಡಿಸಿ. ಬಚ್ಚಲೊಲೆಗೆ ಒಂದೂವರೆ ಎರಡು ಅಡಿ ಸಾಕು, ಅಡಿಕೆ ಒಲೆಗೆ ಇನ್ನೂ ಉದ್ದ ಆಗುತ್ತೆ. ಕವಲಿನ ಗಂಟುಗಳನ್ನು ಒಡೆಯೋಕೆ ಹೋಗಿ ರಟ್ಟೆ ಬೀಳಿಸಿಕೊಳ್ಳಬೇಡಿ, ಅದರ ನಾರು ಹೆಣೆದುಕೊಂಡಿರುತ್ತೆ. ಹಾಗೇ ಇಟ್ಟು ಒಣಗಿದ ಮೇಲೆ ಹಂಡೆ ಒಲೆಗೆ ಹಿಂದಿಂದ ನೂಕಿ, ರಾತ್ರಿ ಪೂರ್ತಿ ಕೆಂಡ ಹಿಡಿಯುತ್ತೆ.

ಒಟ್ಟೋದು ಹೇಗೆ ಅಂದರೆ, ಕೆಳಗೆ ಕಲ್ಲಿಟ್ಟು ಅದರ ಮೇಲೆ ಅಡಿಕೆ ದಬ್ಬೆ ಹಾಸಿ. ಮುರಿದ ಅಡಿಕೆ ಮರಗಳು ಇವೆಯಲ್ಲ, ಅವನ್ನೇ ಸೀಳಿಸಿ. ನೆಲಕ್ಕೆ ತಾಗಿದರೆ ಒರಲೆ (ಗೆದ್ದಲು) ಬಿಡುವುದಿಲ್ಲ. ಮೇಲೆ ತಗಡೋ ಸೋಗೆಯೋ ಹೊದಿಸಿ, ಆದರೆ ಪಕ್ಕ ತೆರೆದಿರಲಿ. ನೀಲಿ ಟಾರ್ಪಾಲು ಸುತ್ತಲೂ ಮುಚ್ಚಿ ಕಟ್ಟೋರಿದ್ದಾರೆ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ ಅಷ್ಟೇ. ಗಾಳಿ ಆಡಬೇಕು. ಬಚ್ಚಲೊಲೆ ಮೇಲೆ ಅಟ್ಟ ಇದ್ದರೆ ವಾರಕ್ಕೆ ಬೇಕಾದಷ್ಟನ್ನು ಅಲ್ಲಿ ಏರಿಸಿ, ಕಾವಿಗೇ ಗರಿಗರಿ ಆಗುತ್ತೆ. ಒಣಗಿದ್ದು ಗೊತ್ತಾಗೋದು ಸುಲಭ: ಎರಡು ತುಂಡು ಬಡಿದರೆ ಟಣ್ ಅನ್ನಬೇಕು, ದಬ್ ಅಂದರೆ ಇನ್ನೂ ಹಸಿ. ತುದಿಯಲ್ಲಿ ಬಿರುಕು ಬಿಟ್ಟು ತೊಗಟೆ ತಾನೇ ಕಳಚುತ್ತೆ.

ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಆಗುತ್ತೆ. ಮುಂದಿನ ಬೇಸಿಗೆಗೆ ಆದರೆ ಅಸ್ತ್ರ ಒಲೆಯನ್ನೂ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಟಾಟಾ ಇನ್‌ಸ್ಟಿಟ್ಯೂಟ್) ನಮ್ಮಂಥ ಹಳ್ಳಿ ಮನೆಗಳಿಗಂತಲೇ ರೂಪಿಸಿದ್ದು, ಕಡಿಮೆ ಸೌದೆ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತೆ. ಒಲೆ ಸರಿ ಇದ್ದರೆ ಈ ಮರ ಎಷ್ಟೋ ದಿನ ಬರುತ್ತೆ.

ಹಲಸಿನಕಟ್ಟೆ

ಒಂದು ಮಾತು, ಎಲ್ಲ ಮರಕ್ಕೂ ಇದೇ ಅಂತಲ್ಲ. ನಮ್ಮಲ್ಲಿ ಬಿದ್ದದ್ದು ಹಲಸು. ಅದರ ಹಳದಿ ಕೆಚ್ಚು ಕಿಟಕಿ ಬಾಗಿಲಿಗೆ ಚಿನ್ನದಂಥ ಮರ, ಸೌದೆ ಮಾಡೋದು ಪಾಪ. ಬಿಳಿ ಭಾಗ, ಕೊಂಬೆ ಮಾತ್ರ ಒಲೆಗೆ. ಮಾವಿನ ಕಾಂಡದ ಕೆಳಭಾಗ ನೆಟ್ಟಗಿದ್ದರೆ ಹಲಗೆ ಮಾಡಿಸಬಹುದು, ಸೆಂಟ್ರಿಂಗಿಗೆ, ಅಟ್ಟಕ್ಕೆ ಆಗುತ್ತೆ, ಆದರೆ ಬೇಗ ಕುಯ್ಯಿಸಬೇಕು, ತಡ ಮಾಡಿದರೆ ಬಣ್ಣ ಕೆಟ್ಟು ಹುಳ ಹಿಡಿಯುತ್ತೆ. ಕಾಡುಗೇರಿನ ಜಾತಿಯ ಮರ ಬಿದ್ದಿದ್ದರೆ ಗುರುತಿಲ್ಲದೆ ಮುಟ್ಟಬೇಡಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತೆ, ಸುಟ್ಟರೆ ಹೊಗೆಯೂ ಕೆಟ್ಟದ್ದು.

ಹಳ್ಳದಾಚೆ ಮನೆ

ಇಷ್ಟೆಲ್ಲ ಬರೆದಿದ್ದಕ್ಕೆ ಏನು ಹೇಳಲಿ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಬೇರಿನ ವಿಷಯ ಕೇಳಿ ಅವರೇ ಗುಂಡಿ ಸುತ್ತ ಬಿದಿರು ಕಟ್ಟಿಸಿದರು. ಕೊನೇ ಪ್ರಶ್ನೆ: ತಮ್ಮನ ಮಿಷನ್ನಿಗೆ ಪೆಟ್ರೋಲ್ ಜೊತೆ ಆಯಿಲ್ ಎಷ್ಟು ಹಾಕಬೇಕು? ಮತ್ತೆ ದೊಡ್ಡ ಮಿಷನ್‌ನವರನ್ನು ಕರೆಯುವಾಗ ಏನೇನು ಮಾತಾಡಿಕೊಳ್ಳಬೇಕು?

ಮಿಷನ್ ಕೆಲಸ

ಟೂ ಸ್ಟ್ರೋಕ್ ಆಯಿಲ್ ಡಬ್ಬದ ಮೇಲೆ, ಮಿಷನ್ ಪುಸ್ತಕದಲ್ಲಿ ಬರೆದಿರುತ್ತೆ, ಅದನ್ನೇ ಪಾಲಿಸಿ. 50ಕ್ಕೆ 1 ಅಂತಿದ್ದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, 25ಕ್ಕೆ 1 ಅಂತಿದ್ದರೆ 40 ಎಂಎಲ್. ಚೈನಿಗೆ ಹಾಕೋ ಆಯಿಲ್ ಬೇರೆ, ಅದೂ ತುಂಬಿರಬೇಕು. ಗ್ಯಾರೇಜಿನ ಸುಟ್ಟ ಆಯಿಲ್ ಹಾಕಬೇಡಿ, ಪಕ್ಕದಲ್ಲೇ ಹಳ್ಳ ಇದೆ, ಅದು ನೀರಿಗೇ ಇಳಿಯುತ್ತೆ. ಮಿಷನ್ನಿಂದ ಚಕ್ಕೆ ಹಾರೋ ಬದಲು ಸಣ್ಣ ಹುಡಿ ಬರ್ತಿದ್ದರೆ ಚೈನ್ ಮೊಂಡಾಗಿದೆ ಅಂತ ಅರ್ಥ, ಬಲ ಹಾಕಿ ಒತ್ತದೆ ನಿಲ್ಲಿಸಿ ಅರ ಹಾಕಿ. ಒಂದು ಸಲ ಮಣ್ಣು ಮುಟ್ಟಿದರೂ ಮೊಂಡಾಗುತ್ತೆ, ಅದಕ್ಕೇ ಕಾಂಡದ ಕೆಳಗೆ ಅಡ್ಡ ತುಂಡು ಕೊಟ್ಟುಕೊಂಡು ಕುಯ್ಯಬೇಕು. ಮಳೆ ಜೋರಿದ್ದಾಗ ಕೆಲಸ ಬೇಡ, ಹೊಳವಾದಾಗ ಮಾಡಿ. ಒದ್ದೆ ತೊಗಟೆ ಮೇಲೆ ಹತ್ತಿ ನಿಂತು ಕುಯ್ಯೋದಂತೂ ಬೇಡವೇ ಬೇಡ.

ಮಿಷನ್‌ನವರ ಹತ್ತಿರ ಮೊದಲೇ ಬಾಯಿಬಿಟ್ಟು ಮಾತಾಡಿ. ಗಂಟೆ ಲೆಕ್ಕನಾ ದಿನದ ಲೆಕ್ಕನಾ, ಪೆಟ್ರೋಲ್ ಯಾರದ್ದು, ಬರೀ ಕುಂಟೆ ಮಾಡಿ ಹೋಗ್ತಾರಾ ಒಲೆ ಅಳತೆಗೆ ತುಂಡು ಮಾಡಿ ಕೊಡ್ತಾರಾ, ಒಡೆಯೋ ಆಳು ಯಾರು ತರೋದು, ತೋಟದಿಂದ ಮನೆಗೆ ಹೊರೋದು ಯಾರು. ಗಂಟೆ ಲೆಕ್ಕ ಅಂದರೆ ಅವರು ಬರೋ ಮೊದಲೇ ಸಣ್ಣ ರೆಂಬೆಗಳನ್ನೆಲ್ಲ ತಮ್ಮನ ಕೈಲಿ ಸವರಿಸಿ ಜಾಗ ಚೊಕ್ಕ ಮಾಡಿಟ್ಟುಕೊಳ್ಳಿ, ದುಡ್ಡು ಉಳಿಯುತ್ತೆ. ಸಾಗರದ ಕಡೆ ನನ್ನ ಪರಿಚಯದವರು ಇದ್ದಾರೆ, ಮೆಸೇಜ್ ಹಾಕಿ, ಮಾತಾಡಿ ಕಳಿಸ್ತೀನಿ.